ಅಡ್ಡಹೆಸರು

ರುವಿಯ ಲಾಂಡ್ರಿಗೆ ಗುರುವಾರ ಗುರುವಾರ
ಆರು ಅಂಗಿ. ಚೀಟಿಯಲ್ಲಿ: ವಾಕರ್.
ನಡೆಯುವವ ಅಂದುಕೊಂಡಿದ್ದೆ;
ಎದುರಿನ ಬ್ಯಾಂಕಿನಿಂದಲೂ ಕಾರಲ್ಲೇ ಬರುವ ಆಸಾಮಿ!

ಇವತ್ತು ನಕ್ಕು ಅವನೇ ಹೇಳಿದ:
ನಡಿಗೆಯಲ್ಲ, ತುಳಿತ.
ಅಜ್ಜನ ಅಜ್ಜನ ಅಜ್ಜ ಯಾರೋ
ತೊಟ್ಟಿಗಿಳಿದು, ಹಳಸಿದ ಉಚ್ಚೆಯಲ್ಲಿ
ಉಣ್ಣೆಬಟ್ಟೆ ತುಳಿಯುತ್ತಿದ್ದನಂತೆ.
ಅದನ್ನೇ ಕಾರ್ಡಿನ ಮೇಲೆ
ಉಬ್ಬಕ್ಷರದಲ್ಲಿ ಅಚ್ಚು ಹಾಕಿಸಿದ್ದಾನೆ, ಪುಣ್ಯಾತ್ಮ.

ಪಾಸ್‌ಪೋರ್ಟಿನ ಆ ಖಾನೆಗೆ
ಅಪ್ಪನ ಹೆಸರು ತುಂಬಿ, ಮಡಿವಾಳನನ್ನು
ಮಂಗಳೂರಿನ ಏಜೆಂಟನ ಮೇಜಿನಲ್ಲೇ ಬಿಟ್ಟುಬಂದವ ನಾನು.
ಇಲ್ಲಿ ಎಲ್ಲರಿಗೂ ಮಿಸ್ಟರ್ ಐತಪ್ಪ;
ಸತ್ತ ಅಪ್ಪ ದಿನಕ್ಕೆ ಹತ್ತು ಸಲ
ಬಂದೆ ಎನ್ನುತ್ತಾನೆ ನನ್ನ ಬಾಯಲ್ಲಿ.

‘ನಿನ್ನದಕ್ಕೇನು ಅರ್ಥ?’
ಇಸ್ತ್ರಿಪೆಟ್ಟಿಗೆ ಉಸ್ಸೆಂದಿತು.
‘ಐತವಾರ ಹುಟ್ಟಿದವ’ ಅಂದೆ.
ಸುಳ್ಳೇನಲ್ಲ.
ಆರನೆಯ ಅಂಗಿಯ ಕಾಲರಿಗೆ
ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ಒತ್ತಿದೆ.