ಲೈನ್ ರಿಪೇರಿ ಇದ್ದ ದಿನ

ಹನ್ನೊಂದಕ್ಕ ಪಾಲಕರ ಸಭೆ ಅಂತ ಮೂರು ಸಲ ಚೀಟಿ ಕಳಿಸಿದೆ.
ಹನ್ನೊಂದಕ್ಕ ಗ್ರಾನೈಟಿನ ಮಷೀನು ತಿರುಗತಿರತಾವ.
ಚೀಟಿ ಇದ್ದದ್ದು ಕನ್ನಡದಾಗ.

ಕಡೀಕ, ಪೂರಾ ಇಳಕಲ್ಲಿಗೇ ಕರೆಂಟಿಲ್ಲದ ದಿನ
ಹಾಜರಿ ಪುಸ್ತಕ ಬಗಲಾಗ ಇಟಗೊಂಡು ನಾನ ಹೋದೆ.
ತಗಡಿನ ಶೆಡ್ಡು. ಕೆಂಪು ಕಲ್ಲಿನ ಹುಡಿ
ಅಪ್ಪನ ರೆಪ್ಪಿ ಮ್ಯಾಲ, ಅನ್ನದ ಗಡಗಿ ಮುಚ್ಚಳದ ಮ್ಯಾಲ.

"ಮಿನತಿ ಲೆಕ್ಕದಾಗ ಭಾಳ ಚುರುಕು.
ಆದರ ಸಾಲ್ಯಾಗ ಬಾಯೇ ಬಿಡಂಗಿಲ್ಲ.
ಮನ್ಯಾಗ ಏನರ ತ್ರಾಸ ಐತೇನು?"

ದುಭಾಷಿ ಬ್ಯಾರೆ ಯಾರು? ಅಕಿನ.
ನನ್ನ ಮೂರು ಮಾತು ಒಡಿಯಾದಾಗ ಒಂದಾತು.
ಯಾವ ಎರಡು ನುಂಗಿದಳೋ,
ಅವ್ವಗ ಗೊತ್ತಾತು. ನಕ್ಕು,
ಐದೂ ಬೆರಳು ಕೂಡಿಸಿ ಬಿಚ್ಚಿ, ಕೂಡಿಸಿ ಬಿಚ್ಚಿ ತೋರಿಸಿದಳು:
ಮನ್ಯಾಗ ಈ ಬಾಯಿ ನಿಂದ್ರೂದ ಇಲ್ಲ.

ಅಪ್ಪ ಸಹಿ ಮಾಡಿದ. ಗುಂಡಗುಂಡನ ಅಕ್ಷರ,
ಒಂದೊಂದರ ತಲಿ ಮ್ಯಾಲೂ ಒಂದೊಂದು ಕೊಡೆ.
ಬಾಜೂಕ ನನ್ನದು.

ನಮ್ಮವ್ವ ಮಗ್ಗದ ಮುಂದ ಕುಂತು
ಒಡಲಿನ ಎಳಿಯೊಳಗ ಸೆರಗಿನ ಎಳಿ ಕೊಂಡಿ ಹಾಕತಿದ್ದಳು
ಒಂದೊಂದ, ಮಧ್ಯಾಹ್ನದ ತನಕ.
ಸೀರಿ ಕೊಳ್ಳುವಾಗ ಯಾರೂ ಆ ಜಾಗಾ ನೋಡಂಗಿಲ್ಲ.

ಮರುದಿನ ವರ್ಗದ ಬಾಗಿಲಾಗ ನಿಂತು,
"ಬಾ" ಅನ್ನಾಕ ಅವರವ್ವ ಕಲಿಸಿದ್ದು ಅಂದೆ:
"ಆಸೆ, ಮಿನತಿ, ಆಸೆ."
ಹುಡುಗರೆಲ್ಲ ನಕ್ಕರು.
ಅಕಿ ಪಾಟೀಚೀಲ ಕೆಳಗಿಟ್ಟು,
ಹಿಂದಿನ ಸಾಲಿಗೂ ಕೇಳೂ ಹಂಗ,
"ಆಸೆ ಅಲ್ರೀ ಟೀಚರ್. ಆಸೊ."