ಪ್ಲಸ್ ಎರಡೂವರೆ

ಬೆಳಗಿನ ಜಾವ ನಾಲ್ಕಕ್ಕೆ ವ್ಯಾನು.
ನೆಬಾಹ್ ಊರಿನ ಮಂಜು ಈಗಲೇ ಬಾಗಿಲ ಹೊರಗೆ ಕೂತಿದೆ,
ಸರದಿಗೆ ಕಾಯುವವರ ಹಾಗೆ.
ಚರ್ಚಿನ ಹಿಂದಿನ ಕೋಣೆಯಲ್ಲಿ
ಉಳಿದ ಕನ್ನಡಕಗಳನ್ನು ಎಣಿಸುತ್ತಿದ್ದೇನೆ:
ಹದಿನೇಳು. ಎಲ್ಲವೂ ಪ್ಲಸ್ ಒಂದು.
ಎರಡೂವರೆಯವು ಮೂರನೆಯ ದಿನ ಮಧ್ಯಾಹ್ನವೇ ಮುಗಿದವು.

ಒಹಾಯೋದ ಕನ್ನಡಕದಂಗಡಿಯಲ್ಲಿ ಇಪ್ಪತ್ತಾರು ವರ್ಷ ನಿಂತವಳು ನಾನು,
ಮೂಗು ನೋಡಿ ಫ್ರೇಮಿನ ಅಳತೆ ಹೇಳಬಲ್ಲೆ.
ಗೊತ್ತಿರಬೇಕಿತ್ತು ನನಗಾದರೂ,
ನೇಯುವವರ ಊರಿಗೆ ಎರಡೂವರೆ ಬೇಕು,
ಕಣ್ಣಿನಿಂದ ಗೇಣು ದೂರದಲ್ಲಿ ಬದುಕು ಇಟ್ಟುಕೊಂಡವರಿಗೆ.
ಪೆಟ್ಟಿಗೆ ತುಂಬುವಾಗ
ಅಲ್ಲಿಯವರಿಗೆ ಏನಿಲ್ಲ ಎಂದು ಕೇಳಿದೆವು.
ಏನು ಮಾಡುತ್ತಾರೆ ಎಂದು ಕೇಳಲಿಲ್ಲ.

ಕೊನೆಯ ಎರಡೂವರೆ ಪಾಸ್ಕುವಾಲಾಗೆ.
ಏರಿಸಿಕೊಂಡವಳು ನನ್ನ ಮುಖ ನೋಡಲಿಲ್ಲ,
ಓದಲು ಕೊಟ್ಟ ಬೈಬಲ್ಲನ್ನೂ ತೆರೆಯಲಿಲ್ಲ.
ತಾನೇ ನೇಯ್ದ ರವಿಕೆಯ ಅಂಚನ್ನು ಎತ್ತಿ ಹಿಡಿದು
ಕೆಂಪು ಹಕ್ಕಿಯ ಬಾಲದಲ್ಲಿ
ತಪ್ಪಿದ ಎಳೆಯೊಂದನ್ನು ಪತ್ತೆ ಹಚ್ಚಿದಳು.
"ಒಂಬತ್ತು ವರ್ಷ ಇದನ್ನು ತೊಟ್ಟು ತಿರುಗಿದ್ದೇನೆ,
ಒಬ್ಬರಾದರೂ ಹೇಳಿದರಾ, ಹಾಳಾದವರು!"
ಇಕ್ಸಿಲ್‌ನಿಂದ ಸ್ಪಾನಿಷಿಗೆ ಮೊಮ್ಮಗಳು ಎಲೇನಾ,
ಸ್ಪಾನಿಷಿನಿಂದ ನನಗೆ ನಮ್ಮ ತಂಡದ ಹುಡುಗ;
ಎರಡು ಹೊಳೆ ದಾಟಿ ಬಂದರೂ ಬೈಗುಳ
ಆರಿರಲಿಲ್ಲ.

ಗಾಸ್ಪರ್ ಮತೋಮನಿಗೆ ಯಾವ ನಂಬರೂ ಹೊಂದಲಿಲ್ಲ.
ಎರಡೂ ಕಣ್ಣಿಗೆ ಪೊರೆ, ಕೆನೆಗಟ್ಟಿದ ಹಾಲು.
ಬೇಕಿದ್ದದ್ದು ಕತ್ತಿ, ನಮ್ಮಲ್ಲಿದ್ದದ್ದು ಕೈ.
ಏಳು ಜನ ಅವನ ತಲೆ ಮುಟ್ಟಿ ನಿಂತೆವು.
ಹುಡುಗರು ಅತ್ತರು. ಪ್ರಾರ್ಥನೆ ಬೆಳೆಯುತ್ತಲೇ ಹೋಯಿತು.
ನಡುವೆ ನಾನು ಕದ್ದು ಕಣ್ಣು ಬಿಟ್ಟು ನೋಡಿದೆ,
ಅವನ ಕಣ್ಣು ಬಿಟ್ಟಿತೇ ಎಂದು.
ಕೊನೆಗೆ ಆಮೆನ್ ಅಂದವನು ಅವನೇ,
ನಮ್ಮನ್ನು ಬಿಡಿಸುವವನಂತೆ.
ಆಮೇಲೆ ತಡವರಿಸಿ ನನ್ನ ಮೊಣಕೈ ಹಿಡಿದು,
ಬಿದ್ದ ಮಗುವಿಗೆ ಏನೂ ಆಗಿಲ್ಲ ಎನ್ನುವ ದನಿಯಲ್ಲಿ:
"ಎಂಬತ್ತೆರಡರಲ್ಲಿ ಈ ಗುಡ್ಡದ ಮೇಲೆ
ಒಬ್ಬ ಮನುಷ್ಯ ನೋಡಬಹುದಾದಷ್ಟನ್ನು ನೋಡಿ ಆಗಿದೆ.
ಅದು ಈಗಲೂ ಚೆನ್ನಾಗಿ ಕಾಣುತ್ತದೆ."

ಎಂಬತ್ತೆರಡರಲ್ಲಿ ನಾನು
ಶಾಲೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದೆ.
ಗ್ವಾಟೆಮಾಲ ಎಂಬ ಹೆಸರನ್ನು
ಬಾಳೆಹಣ್ಣಿಗೆ ಅಂಟಿಸಿದ ಚೀಟಿಯಲ್ಲಿ ಓದಿದ್ದೆ.

ರಾತ್ರಿ ಊಟಕ್ಕೆ ಕೂತಾಗ ಪಾಸ್ಟರ್ ನಿಕೋಲಾಸ್ ಅಂದರು,
ಗಾಸ್ಪರನ ಹೆಸರು ಮಾರ್ಚಿಯಿಂದಲೇ
ವೆವೆತೆನಾಂಗೊ ಆಸ್ಪತ್ರೆಯ ಪಟ್ಟಿಯಲ್ಲಿದೆ,
ಬಸ್ಸಿನ ಹಣವನ್ನೂ ಸಭೆಯವರು ಕೂಡಿಸಿದ್ದಾರೆ.
ಮೊದಲೇ ಹೇಳಬಾರದಿತ್ತೇ?
"ನೀವು ಕೇಳಲಿಲ್ಲ. ಆಗಲೇ ಕಣ್ಣು ಮುಚ್ಚಿದ್ದಿರಿ."
ಹಂಗಿಸಲಿಲ್ಲ. ಇನ್ನೊಂದು ತೋರ್ತಿಯಾ ಹಾಕಿದರು ನನ್ನ ತಟ್ಟೆಗೆ.

ಭಾನುವಾರ ನಮ್ಮೂರ ಚರ್ಚಿನಲ್ಲಿ ನನಗೆ ಹತ್ತು ನಿಮಿಷ,
ಚಿತ್ರಗಳ ಸಮೇತ.
ಮುನ್ನೂರ ತೊಂಬತ್ತೊಂದು ಕನ್ನಡಕ ಎಂದಾಗ ಚಪ್ಪಾಳೆ ಬರುತ್ತದೆ,
ಬೈಗುಳದ ಕತೆಗೆ ನಗು.
ಗಾಸ್ಪರನ ಚಿತ್ರ ಇಲ್ಲ, ಅವನು ಬೇಡವೆಂದ.
ಅವನ ಬಗ್ಗೆ ಏನು ಹೇಳಲಿ, ದೇವರೇ?
ಬೇತ್ಸಾಯಿದದ ಕುರುಡನಿಗೆ
ನೀನು ಮುಟ್ಟಿದರೂ ಮೊದಲ ಸಲಕ್ಕೆ ಸರಿಯಾಗಿ ಕಾಣಲಿಲ್ಲವಲ್ಲ,
ಮನುಷ್ಯರು ಮರಗಳಾಗಿ ಓಡಾಡಿದರಲ್ಲ,
ಎರಡನೆಯ ಸಲ ಮುಟ್ಟಬೇಕಾಯಿತಲ್ಲ.
ನನ್ನ ಎರಡು ವಾರ ಮುಗಿಯಿತು.

ಬಾಗಿಲು ತಟ್ಟಿದ ಸದ್ದು. ಎಲೇನಾ,
ಹಿಂದೆ ಶಾಲು ಹೊದ್ದ ಪಾಸ್ಕುವಾಲಾ.
ಕನ್ನಡಕದ ತಿರುಪು ಆಗಲೇ ಸಡಿಲ.
ಹಿಡಿ ಅಂದೆ ಹುಡುಗಿಗೆ, ಕಡ್ಡಿಯಷ್ಟುದ್ದದ ಸ್ಕ್ರೂಡ್ರೈವರು ಕೊಟ್ಟು,
ಬಲಕ್ಕೆ ತಿರುಗಿಸು, ಅವಸರ ಬೇಡ.
ತಿರುಗಿಸಿದಳು. ಬಿಗಿಯಾಯಿತು.
ಇಟ್ಟುಕೋ, ನಿನಗೇ.

ಅವಳು ಹೊರಡಲಿಲ್ಲ.
ಕತ್ತು ಓರೆ ಮಾಡಿ ನನ್ನ ಮುಖ ದಿಟ್ಟಿಸಿದಳು,
ನಾನು ಗಿರಾಕಿಗಳನ್ನು ದಿಟ್ಟಿಸುವ ಹಾಗೆಯೇ.
ಎಡಗಡೆ ಸೊಟ್ಟ ಎಂದು ಬೆರಳಲ್ಲಿ ತೋರಿ
ನನ್ನ ಮೂಗಿನ ಮೇಲಿಂದ ಕನ್ನಡಕ ತೆಗೆದುಕೊಂಡಳು.

ದೀಪ ಕದಡಿತು.
ಅಜ್ಜಿ, ಮೊಮ್ಮಗಳು, ಗೋಡೆ, ಶಿಲುಬೆ
ಎಲ್ಲ ಒಂದೇ ಹಸಿರು ಕಂದು.
ಎರಡು ಮರಗಳು ತಮ್ಮ ಭಾಷೆಯಲ್ಲಿ ಏನೋ ಹೇಳಿ ನಕ್ಕವು.
ಚಿಕ್ಕ ಮರ
ನನ್ನ ಕಡೆ ಕೈ ಚಾಚಿತು.