ಹದಿಮೂರು ಕಾಳು

ರಾಸ್ ಅಲ್ ಖೈಮಾದಲ್ಲಿ ನನ್ನ ಕೆಲಸ
ಹಕ್ಕಿಗಳ ಒಳಗನ್ನು ನೋಡುವುದು.
ಹೆಚ್ಚಾಗಿ ಸಾಹುಕಾರರ ಗಿಡುಗಗಳು,
ಕಣ್ಣಿಗೆ ಚರ್ಮದ ಟೋಪಿ, ಕಾಲಿಗೆ ನಂಬರು,
ಕೆಲವಕ್ಕೆ ನನಗಿಂತ ಚೆನ್ನಾದ ಪಾಸ್‌ಪೋರ್ಟು.

ಇದಕ್ಕೆ ಅದೇನೂ ಇರಲಿಲ್ಲ.
ಮಜ್ಜಿಗೆ ಬಾಟಲಿಗಳ ರಟ್ಟಿನ ಪೆಟ್ಟಿಗೆಯಲ್ಲಿ
ಹಳೆ ಕೊಡೆಯ ಹಾಗೆ ಕಾಲು ಮಡಚಿ
ತಂದವನು ಶೇರ್ ಜಮಾನ್, ಅಲ್ ರಮ್ಸ್‌ನ ಮೀನು ಲಾರಿಯವನು.
ಹಿನ್ನೀರಲ್ಲಿ ಉಳಿದವೆಲ್ಲ ಎದ್ದು ಹೋದವಂತೆ,
ಇದು ಹಾರುವುದು ಮರೆತ ಹಾಗೆ ನಿಂತೇ ಇತ್ತಂತೆ.

ರಾಜಹಂಸ.
ಕುತ್ತಿಗೆ ಎತ್ತಲಾರದೆ ನನ್ನ ಮೊಣಕೈಮೇಲೆ ಇಟ್ಟಿತು.
ಹಿಕ್ಕೆ, ಕೊತ್ತಂಬರಿ ಚಟ್ನಿಯ ಹಸಿರು.
ಸೀಸ, ಅಂದರು ಡಾಕ್ಟರ್ ಇಲೋನಾ, ಚಿತ್ರ ತೆಗೆಯುವ ಮೊದಲೇ.

ನಾನು ಸೀಸದ ಅಂಗಿ ತೊಟ್ಟೆ.
ಐದು ಕಿಲೋ ಸೀಸ,
ಕಿರಣ ನನಗೆ ತಾಗದಿರಲೆಂದು.
ಉಸಿರು ಹಿಡಿ ಎಂದು ಹಕ್ಕಿಗೆ ಹೇಳುವಂತಿಲ್ಲ,
ನಾನೇ ಹಿಡಿದೆ.
ಮೊದಲು ಮೂಡಿದ್ದು ಎಲುಬು, ಬಿದಿರಿನ ಸೀಳಿನಂಥದು.
ಆಮೇಲೆ ಹೊಟ್ಟೆ. ಅದರೊಳಗೆ
ಬೆಳ್ಳಗೆ, ದುಂಡಗೆ,
ಯಾರೋ ಎಣಿಸಿಟ್ಟ ಹಾಗೆ
ಹದಿಮೂರು ಕಾಳು.

ಬರುವ ದಾರಿಯ ಯಾವುದೋ ಕೆರೆಯಲ್ಲಿ
ಬಾತಿಗೆ ಗುರಿಯಿಟ್ಟು ತಪ್ಪಿದವನ ಚರೆ ಇರಬೇಕು.
ತಪ್ಪಿದ್ದು ಆ ಹೊತ್ತಿಗೆ ಮಾತ್ರ.
ಕೆಸರಲ್ಲಿ ಕೂತು ಕಾದಿತ್ತು, ಎಷ್ಟು ವರ್ಷವೋ.
ಹಲ್ಲಿಲ್ಲದ ಬಾಯಿಗೆ ಹೊಟ್ಟೆಯೇ ಬೀಸುಕಲ್ಲು,
ಬೀಸುವುದಕ್ಕೆ ಹರಳು ಬೇಕು.
ಹರಳೆಂದು ನುಂಗಿತು,
ಬೀಸಿತು ದಿನಾ, ನುಣ್ಣಗೆ.

ಹಾಲನ್ನೂ ನೀರನ್ನೂ ಬೇರೆ ಮಾಡುವ ಹಕ್ಕಿ ಎಂದು
ಐದನೇ ಕ್ಲಾಸಿನಲ್ಲಿ ಬರೆದುಕೊಂಡಿದ್ದೆ,
ಸೀಸದಕಡ್ಡಿಯ ಮೊನೆ ನೆಕ್ಕಿ ನೆಕ್ಕಿ.

ರಾತ್ರಿ ರೂಮಿನಲ್ಲಿ ದಾವಲಸಾಬ ಪಾದಕ್ಕೆ ಎಣ್ಣೆ ತಿಕ್ಕುತ್ತಿದ್ದ.
ಅಣ್ಣಿಗೇರಿಯವನು. ದಿಗ್ದಾಗಾದ ತೋಟಗಳಲ್ಲಿ
ಖರ್ಜೂರದ ಮರಕ್ಕೆ ಔಷಧಿ ಹೊಡೆಯುತ್ತಾನೆ.
(ನಮ್ಮಲ್ಲಿ ವಿಷಕ್ಕೂ ಔಷಧಿ ಎಂದೇ ಹೆಸರು.)
ಹದಿಮೂರು, ಅಂದೆ.
ಅವನು ಎಣ್ಣೆಯ ಮುಚ್ಚಳ ತಿರುಗಿಸಿದ. ಬಹಳ ಹೊತ್ತಿಗೆ,

"ತಲಿಮ್ಯಾಲ ತುರಾಯಿ ಇರೂ ಹಕ್ಕಿ ಬರ್ತಾವಲ್ರಿ ಹುಲ್ಲಿನ್ಯಾಗ,
ಹೊಡದ ಮರುದಿನ ಮುಂಜಾನಿ
ಹುಳಾ ಎಲ್ಲಾ ಮೆತ್ತಗಾಗಿ ಬಿದ್ದಿರ್ತಾವ, ತಿನ್ನಾಕ ಸಸಾರ.
ಓಡಿಸಿದ್ರೂ ಹೋಗಂಗಿಲ್ಲ.
ಹಸದಿದ್ದಕ್ಕ ಏನಂತ ಹೇಳೂದ್ರಿ?
ನಿನ್ನಿ ನಾಕು. ಕಾಲಬೆರಳು ಮುಷ್ಟಿ ಹಿಡದಿದ್ವು.
ಕಸದ ಚೀಲಕ್ಕ ಹಾಕು ಅಂದ ಮೇಸ್ತ್ರಿ. ನಾ ಹೂತೆ."

ಅವನು ಅನ್ನವನ್ನು ಚಮಚದಲ್ಲಿ ಉಣ್ಣುತ್ತಾನೆ.
ಹೊಸದರಲ್ಲಿ ನಾನು ನಕ್ಕಿದ್ದೆ,
ಸಾಹೇಬನಾದೆಯಲ್ಲೋ ಎಂದು.

ಕೊಳವೆ ಇಳಿಸಿ ತೊಳೆದರು ಡಾಕ್ಟರ್.
ಸ್ಟೀಲಿನ ತಟ್ಟೆಗೆ ಟಿಣ್ ಟಿಣ್ಣೆಂದು ಹನ್ನೊಂದು ಬಿದ್ದವು.
ಎರಡು ಸಿಗಲಿಲ್ಲ. ಮತ್ತೊಂದು ಚಿತ್ರದಲ್ಲೂ ಇರಲಿಲ್ಲ.
ಐದನೇ ದಿನ ಕುತ್ತಿಗೆ ಎತ್ತಿ
ಎಸಿಯ ಸದ್ದಿಗೆ ಕಿವಿಗೊಟ್ಟಂತೆ ನಿಂತಿತು.
ಆರನೇ ದಿನದ್ದು ರಿಜಿಸ್ಟರಿನಲ್ಲಿದೆ.

ಶುಕ್ರವಾರ ದಾವಲಸಾಬ ನೋಡಲು ಬಂದ.
ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಎಣಿಸಿದ.
"ಜ್ವಾಳ ಇದ್ದಂಗ ಅದಾವು," ಅಂದ.
ಆಮೇಲೆ ಹಕ್ಕಿ ಮಲಗಿದ್ದ ಹಲಗೆಯ ಮೇಲೆ
ಎರಡೂ ಅಂಗೈ ಚಾಚಿ ಇಟ್ಟ.
"ನಂದೂ ಒಂದು ತಗೀರಿ. ಎಷ್ಟದಾವ ನೋಡೂಣು."

ದಾವಲಸಾಬ, ನಿನ್ನದು
ಇದರಲ್ಲಿ ಕಾಣುವ ಜಾತಿಯದಲ್ಲ,
ಎನ್ನಬೇಕಿತ್ತು.
ಮೊಳೆಯಿಂದ ಸೀಸದ ಅಂಗಿ ತೆಗೆದು
ಅವನ ಹೆಗಲಿಗೆ ಹಾಕಿದೆ.